ಮೂರನೇ ಕೈ

ಹುಬ್ಬಳ್ಳಿ ದುರ್ಗದಬೈಲಿನ ಹಳೇ ಸಾಮಾನಿನವ
ಡಬ್ಬಿ ಒಡದೈತಂತ ಅರ್ಧ ರೇಟಿಗೆ ಕೊಟ್ಟ.
ಡಬ್ಬಿ ಮ್ಯಾಲಿನ ಚಿತ್ರದಾಗ ಆನಿ ಇತ್ತು, ಚೇಳಿತ್ತು,
ಒಳಗ ನೂರಾ ನಲ್ವತ್ತು ತುಣುಕು ಕಮ್ಮಿ.
ಎಣಿಸಿದಾಕಿ ನಿಲೋಫರ್, ಅಕ್ಕನ ಮಗಳು, ಎಂಟನೇತ್ತೆ.
"ಖಾಲಾ, ಆನಿ ಆಗೂದಿಲ್ಲ. ಕೈ ಒಂದು ಆಗ್ತೈತಿ."

ಕೈ ಆತು.
ಬೂದು ಪಟ್ಟಿ, ಕರೇ ಗೂಟ, ಹಲ್ಲಿನ ಗಾಲಿ ಮೂರು.
ನಾಲ್ಕನೇದಕ್ಕ ಕೆಟ್ಟ ಗಡಿಯಾರ ಬಿಚ್ಚಿದ್ಲು, ಕೂಡಲಿಲ್ಲ;
ರಬ್ಬರ್ ಬ್ಯಾಂಡ್ ಸುತ್ತಿದ್ಲು, ಕೂಡಿತು.
ಬಾಯಿ ಮುಚ್ಚಿದಾಗೊಮ್ಮೆ
ಅಡಕತ್ರಿ ಸಪ್ಪಳ.

ಹಾವೇರ್ಯಾಗ ನಾವು ಯಾಲಕ್ಕಿ ಹಾರದವರು.
ಯಾರ ಕೊರಳಿಗೆ ಹೋಗ್ತೈತಿ ಕೇಳೂದಿಲ್ಲ,
ಮದಲಿಂಗಗೋ, ಮಂತ್ರಿಗೋ, ವರ್ಗ ಆದ ಮಾಸ್ತರಗೋ.
ಎಷ್ಟೆಳಿ, ಯಾವಾಗ ಬೇಕು, ಅಷ್ಟ.
ನನ್ನ ಬೆರಳು ಎಷ್ಟು ತೊಳದರೂ ಅದ ವಾಸನಿ,
ಉಳ್ಳಾಗಡ್ಡಿ ಹೆಚ್ಚಿದರೂ ಪಾಯಸ.

"ಇದಕ್ಕ ಯಾಲಕ್ಕಿ ಹಿಡ್ಯೂದು ಕಲಿಸ್ತೇನಿ" ಅಂದ್ಲು.
ಕಲಿಸೂದಂದ್ರ ಫೋನಿನ್ಯಾಗ ಬಣ್ಣದ ಚೌಕ ಜೋಡಸೂದು,
ಒಂದರ ಬಾಲಕ್ಕ ಒಂದು:
ಮುಂದ ಬಾ. ನಿಲ್ಲು. ಬಾಯಿ ಮುಚ್ಚು. ಎತ್ತು.
ನಾಲ್ಕನ್ನೂ ಒಂದು ಹಳದಿ ಪಟ್ಟಿಯೊಳಗ ತುರುಕಿ
"ಇನ್ನ ನಾ ಸಾಕಂದ್ರನ ಸಾಕು ಮಾಡ್ತೈತಿ" ಅಂದ್ಲು.

ಮೊದಲನೇ ಯಾಲಕ್ಕಿ ಪುಡಿ ಆತು.
ಎರಡನೇದೂ.
ಹನ್ನೊಂದನೇದು ಸಿಡದು ಅಬ್ಬಾರ ಚಹಾದಾಗ ಬಿತ್ತು,
ಅವರು ಬೈಲಿಲ್ಲ, ಕುಡದ್ರು.
"ಶಕ್ತಿ ನೂರು ಐತಿ, ಮೂವತ್ತಕ್ಕ ಇಳಸ್ತೇನಿ."
ಮೂವತ್ತಕ್ಕ ಜಾರಿತು.
ನಲ್ವತ್ತಕ್ಕ ಸೀಳಿತು.
ಮೂವತ್ತೈದಕ್ಕ ಒಂದು ನಿಂತಿತು,
ಮುಂದಿಂದು ಸಣ್ಣದು, ಬಿತ್ತು.
ಬಿದ್ದದ್ದನ್ನ ಅಂಗೈಯಾಗ ಇಟಗೊಂಡು ಕೇಳಿದ್ಲು:
"ನಿನ್ನ ಬೆರಳು ಎಷ್ಟಕ್ಕ ಐತಿ, ಖಾಲಾ?"

ನಾ ಏನ ಹೇಳ್ಲಿ.
ಹಿಡದು ತೋರಿಸಿದೆ. "ಹಿಂಗ."
"ಹಿಂಗ ಅಂದ್ರ?"
"ಒಣಗಿದ್ದು ಸಪ್ಪಳ ಮಾಡ್ತೈತಿ,
ಹಸೇದು ಸುಮ್ಮನ ಬಾಗ್ತೈತಿ."
ಬರಕೊಂಡ್ಲು.
ನನ್ನೆರಡು ಬೆರಳ ನಡುವ ತನ್ನ ಬೆರಳಿಟ್ಟು
ಒತ್ತು ಅಂದ್ಲು. ಒತ್ತಿದೆ.
ಕಣ್ಣು ಮುಚ್ಚಿ ಕುಂತ್ಲು, ನಾಡಿ ನೋಡಾವ್ರಂಗ.
ಮೂವತ್ತು ವರ್ಷದ ಕಸಬು,
ಇಷ್ಟು ದಿನ ಯಾರೂ ನನಗ ನಂಬರ ಕೇಳಿದ್ದಿಲ್ಲ.

ಹದಿನೈದು ದಿನ ಇದ ನಡೀತು.
ಬ್ಯಾಡಗಿ ಮೆಣಸಿನಕಾಯಿ ಲಾರಿ ಹಾದ್ರ ಓಣಿಗೆಲ್ಲ ಸೀನು;
ಸೀನಿ ಮುಂದ ಬಾಗಿದ್ರ
ಯಾಲಕ್ಕಿ ಬಂತಂತ ತಿಳದು ಅದು
ನನ್ನ ಮೂಗಿಗೆ ಬಾಯಿ ಹಾಕ್ತಿತ್ತು.
ಅದರ ಬಣ್ಣದ ಕಣ್ಣಿಗೆ
ಹಸರಿಗೂ ಬಿಳಚಿದ್ದಕ್ಕೂ ಫರಕ ಇಲ್ಲ.
ಟ್ಯೂಬ್‌ಲೈಟಿನ ಕೆಳಗ ನನಗೂ ಈಗೀಗ ಕಷ್ಟ,
ಅದನ್ನ ಹೇಳಲಿಲ್ಲ.

ಆಮ್ಯಾಲೆ ಬಂತು ಏಳೆಳಿ ಹಾರ, ಒಂದ ರಾತ್ರ್ಯಾಗ.
ದಾರದ ತುದಿ ನನ್ನ ಕಾಲ ಹೆಬ್ಬಟ್ಟಿಗೆ,
ಯಾವತ್ತಿನಂಗ. ಅಲ್ಲೊಂದು ಗೆರಿ ಬಿದ್ದೈತಿ, ಉಂಗುರದಂಗ.
ನಿಲೋಫರ್ ಅದನ್ನ ನೋಡಿದ್ಲು, ಬಾಳೊತ್ತು.
ಚೌಕ ಎಲ್ಲಾ ಅಳಿಸಿದ್ಲು.
ಒಂದ ಉಳಿಸಿದ್ಲು.

"ನಿಲ್ಲೂದರಾಗ ಎರಡು ನಮೂನಿ, ಖಾಲಾ.
ಕೈ ಚೆಲ್ಲಿ ನಿಲ್ಲೂದು ಒಂದು.
ಹಿಡಕೊಂಡು ನಿಲ್ಲೂದು ಇನ್ನೊಂದು.
ಹಿಡಕೊಂಡು ನಿಂತ್ರ ಬ್ಯಾಟರಿ ಖರ್ಚಾಗತೈತಿ,
ನೋಡಾವ್ರಿಗೆ ಕಾಣೂದಿಲ್ಲ."

ದಾರ ಕೊಟ್ಟೆ. ಕಚ್ಚಿತು.
ಜಗ್ಗಿದೆ; ಒಂದೀಟು ಬಂತು, ತಿರುಗಿ ತನ್ನ ಜಾಗಕ್ಕ ಹೋತು.
ಕಾಲು ಚಾಚಿದೆ.
ಕೆಲಸದಾಗ ಕಾಲು ಚಾಚಿ ಕುಂತದ್ದು ಅದ ಮೊದಲು.

ಒಂದೂವರಿಗೆ ಹಾರ ಮುಗೀತು.
ಹುಡುಗಿ ಗೋಡೆಗೆ ಒರಗಿ ಮಕ್ಕೊಂಡಿದ್ಲು,
ಬಿಡು ಅಂತ ಅದಕ್ಕ ಹೇಳೂದು ನನಗ ಗೊತ್ತಿಲ್ಲ.
ದಾರ ಕತ್ತರಿಸಿ, ಹಂಗ ಬಿಟ್ಟು, ನಾನೂ ಮಕ್ಕೊಂಡೆ.
ಗೇಣುದ್ದ ಖಾಲಿ ದಾರ ಕಚ್ಚಿ
ಹಸರು ದೀಪ ಹಚಗೊಂಡು ನಿಂತಿತ್ತು.

ಈಗ ಆ ಕೈ ಇಲ್ಲ, ಬಿಚ್ಯಾಳ.
ಚೇಳು ಮಾಡಾಕತ್ತಾಳ. ಕಾಲು ಎಂಟು ಬೇಕು, ಐದ ಅದಾವ.
ನನ್ನ ಹೆಬ್ಬಟ್ಟು ಮತ್ತ ಡ್ಯೂಟಿಗೆ ಬಂದೈತಿ.
ಗಾಲಿ ಹಲ್ಲಿನಾಗ ಸಿಕ್ಕ ಒಂದು ಬೀಜ
ಸೂಜಿಲೆ ಕೆದಕಿದರೂ ಬರವಲ್ದು,
ಚೇಳು ನಡದ್ರ
ಪಾಯಸ ನಡದಂಗ.