ಕೂಗಳತೆ

ಅರಾಲ್ ಕಡಲ ದಂಡೆಯ ನಮ್ಮೂರಲ್ಲಿ
ಅಜ್ಜಿ ಬಿಬಿಸಾರಾಳದು ಹೇಳಿಕೊಳ್ಳುವಂಥ ಕೆಲಸವಲ್ಲ.
ಬೆಳಿಗ್ಗೆ ಎಂಟಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ
ನೀರಲ್ಲಿ ನೆಟ್ಟ ಕೋಲಿನ ಗೆರೆ ನೋಡುವುದು,
ಬರೆದಿಡುವುದು.

ಸೇರಿದ ದಿನ ಬಾಗಿಲಿಂದ ಕೋಲಿಗೆ ನಲವತ್ತು ಹೆಜ್ಜೆ.
ಚಹಾಕ್ಕೆ ನೀರಿಟ್ಟು ಹೋದರೆ
ಕುದಿ ಬರುವಷ್ಟರಲ್ಲಿ ವಾಪಸು.
"ಕಡಲು ಓಡಿಹೋಗದ ಹಾಗೆ
ಇವಳನ್ನು ಕಾವಲಿಟ್ಟಿದ್ದಾರೆ" ಎಂದು
ತಾತ ತುರ್ಸಿನ್‌ಬಾಯ್ ದೋಣಿಯವರ ಮುಂದೆ ನಗುತ್ತಿದ್ದ.

ಓಡಿಹೋಯಿತು.

ಕೋಲಿನಲ್ಲಿ ಇಳಿದದ್ದು ಬೆರಳಗಲ,
ನೆಲದಲ್ಲಿ ಸರಿದದ್ದು ಮಾರು.
ನಂಬದೆ ಸೆರಗಿನಿಂದ ಕೋಲು ಒರೆಸಿ
ಇನ್ನೊಮ್ಮೆ ನೋಡಿದಳಂತೆ.
ಗೇಣು ಇಳಿದ ವರ್ಷ ನನ್ನಮ್ಮ ಹುಟ್ಟಿದಳು.
ಹೆರಿಗೆಯ ದಿನದ ಸಾಲು ಮಾತ್ರ ತಾತನ ಕೈಬರಹ:
ಅಕ್ಷರ ಸೊಟ್ಟ, ಅಂಕಿ ನೆಟ್ಟಗೆ.

ಮೇಲಿನ ಕಚೇರಿಯ ಕಾಲ್ಮುರಾತ್ ಬಂದ,
ಹೊಳೆಯುವ ಬೂಟು, ಜೇಬಲ್ಲಿ ಎರಡು ಪೆನ್ನು.
ಹತ್ತಿಗೆ ನೀರು ಬೇಕು, ನದಿ ಆ ಕಡೆ ಹೊರಳಿದೆ,
ಎಲ್ಲರಿಗೂ ಗೊತ್ತು. ಗೊತ್ತಿದ್ದನ್ನು ಬರೆಯುವುದೇಕೆ?
ಒಂದು ಗೇಣು ಹೆಚ್ಚು ಬರೆದರೆ
ಯಾರಪ್ಪನ ಗಂಟು ಹೋಗುತ್ತದೆ, ತಂಗೀ?

ನಮ್ಮಲ್ಲಿ ಅತಿಥಿಗೆ ಅರ್ಧ ಬಟ್ಟಲು ಚಹಾ ಮರ್ಯಾದೆ,
ಮತ್ತೆ ಮತ್ತೆ ಕೊಡಲಿಕ್ಕೆ.
ತುಂಬ ಸುರಿದರೆ ಎದ್ದು ನಡಿ ಎಂದರ್ಥ.
ಅಜ್ಜಿ ಅಂಚು ಮುಟ್ಟುವ ತನಕ ಸುರಿದಳು,
ಒಂದು ಹನಿ ಚೆಲ್ಲದೆ.
ಅಳತೆ ಅವಳ ಕೈಯಲ್ಲೇ ಇತ್ತಲ್ಲ.

ಕೆಲವು ವರ್ಷ ಕಡಲು ಕೂಗಳತೆಯಲ್ಲಿತ್ತು.
ದಂಡೆಯಲ್ಲಿ ನಿಂತು "ಅಯ್ಸುಲೂ" ಎಂದು ಕರೆದರೆ
ಅಂಗಳದಲ್ಲಿ ಅಮ್ಮ "ಓ" ಎನ್ನುತ್ತಿದ್ದಳು.
ಒಂದು ಚಳಿಗಾಲ ಆ ಓ ಕೇಳಿಸಲಿಲ್ಲ.
ಸೈಕಲ್ಲು ಕೊಂಡಳು, ಸರಪಳಿಯನ್ನು ಉಪ್ಪು ತಿಂದಿತು.
ನೆರೆಯವರ ಒಂಟೆ ಎರವಲು ತಂದಳು.
ಪ್ರತಿ ಸಲ ಕೋಲು ಕಿತ್ತು ಹೆಗಲ ಮೇಲಿಟ್ಟು
ಇನ್ನಷ್ಟು ಮುಂದೆ ನೆಟ್ಟಳು.
ದೋಣಿಗಳು ನಿಂತಲ್ಲೇ ನಿಂತವು,
ಅವುಗಳ ನೆರಳಲ್ಲಿ ಹಸುಗಳು ಮೆಲುಕು ಹಾಕಿದವು.
ತಾತ ತನ್ನ ದೋಣಿಯ ತಗಡು ಕಳಚಿ ಮಾರಿದ,
ಕೆಮ್ಮಿದ, ಆಮೇಲೆ ಕೆಮ್ಮಲಿಲ್ಲ.
ಅವತ್ತಿನ ಸಾಲೂ ಖಾಲಿಯಿಲ್ಲ:
ಗಾಳಿ ಈಶಾನ್ಯ. ಧೂಳು. ಕಣ್ಣು ಬಿಡಲಾಗದು.

ಒಂದು ಮಾರ್ಚ್ ಎಂಟಕ್ಕೆ ನುಕುಸ್‌ಗೆ ಕರೆಸಿದರು.
ವೇದಿಕೆಯಲ್ಲಿ ವಿಮಾನ ಹಾರಿಸಿದವಳು,
ಸಾವಿರ ಕಣ್ಣಿನ ಪೊರೆ ತೆಗೆದ ಡಾಕ್ಟರು,
ದುತಾರ್ ಹಿಡಿದು ರಾತ್ರಿಯಿಡೀ ಕಥೆ ಹಾಡುವವಳು,
ಕೊನೆಯ ಕುರ್ಚಿಯಲ್ಲಿ ಅಜ್ಜಿ.
ನಿರೂಪಕ ಕಾಗದ ತಿರುವಿದ.
"ಇವರು..." ಎಂದು ತಡೆದ. "ಇವರು ನೋಡಿದರು."
ಸಭೆಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.
ಪದಕದ ಮೇಲೆ ಹೆಸರು ತಪ್ಪು, ಜೊತೆಗೊಂದು ಗೋಡೆ ಗಡಿಯಾರ.
"ಇದರ ಬದಲು ಬೂಟು ಕೊಡ್ತೀರಾ?
ಮೂವತ್ತೇಳನೇ ನಂಬರು" ಎಂದು ಮೈಕಿನಲ್ಲೇ ಕೇಳಿದಳು.

ಈಗ ದೂರ ದೇಶಗಳಿಂದ ಬಂದವರು
ಬಿಳಿ ಕೈಗವಸು ತೊಟ್ಟು ಅವಳ ನಲವತ್ತೊಂದು ಪುಸ್ತಕ
ಒಂದೊಂದೇ ಹಾಳೆ ಎತ್ತಿ ಫೋಟೋ ತೆಗೆಯುತ್ತಾರೆ.
ಒಂದು ಕಂದು ಕಲೆಯ ಬಗ್ಗೆ ಚರ್ಚೆಯೇ ನಡೆಯಿತು.
ಅದು ಜರ್ದಾಲು ಜಾಮು.
ಚೆಲ್ಲಿದವಳು ನಾನು, ಪೆಟ್ಟು ತಿಂದವಳೂ.

ಅವಳ ಕೊನೆಯ ಅಳತೆಗೆ ನನ್ನನ್ನೂ ಲಾರಿ ಹತ್ತಿಸಿದಳು.
ಹರದಾರಿಗಳ ಲೆಕ್ಕ ತಪ್ಪಿದ ಮೇಲೆ ನೀರು ಸಿಕ್ಕಿತು,
ಪಾದ ಮುಳುಗದಷ್ಟು.
ಕೋಲು ಕೆಸರಲ್ಲಿ ವಾಲಿತು.
ಕೈ ಇಳಿಬಿಟ್ಟು ಬೆರಳು ನೋಡಿ
"ಎರಡು ಗೆಣ್ಣು, ಬರಿ" ಎಂದಳು. ಬರೆದೆ.
ಆಮೇಲೆ ಊರಿನ ದಿಕ್ಕಿಗೆ ತಿರುಗಿ
ಎದೆ ತುಂಬ ಉಸಿರೆಳೆದು "ಅಯ್ಸುಲೂ" ಎಂದು ಕೂಗಿದಳು.
ಒಂದು ಓ ಬರಲು ಎಷ್ಟು ಹೊತ್ತು ಬೇಕೋ
ಅಷ್ಟು ಹೊತ್ತು ಕಾದಳು.

ಮತ್ತೆ ನನ್ನ ಕಡೆ ನೋಡಿ,
"ಗಾಳಿ ಯಾವ ಕಡೆಯದು?
ಅದನ್ನ್ಯಾರು ಬರೀತಾರೆ?"