ಬಾಕಿ ಎರಡು ಹನಿ

ಗುವಾಯಾಮಾದಲ್ಲಿ ಚಂಡಮಾರುತ ಬಂದುಹೋಗಿ
ಹನ್ನೊಂದು ದಿನ. ಕರೆಂಟಿಲ್ಲ.
ಓಣಿಗೆಲ್ಲ ಒಂದೇ ಜನರೇಟರ್, ಎಲಿಯೆಸರನ ಗ್ಯಾರೇಜಿನದು.
ಹೊಗೆ ಇತ್ತ ಬಾರದಿರಲೆಂದು
ಅಂಗಳದ ಆ ತುದಿಗೆ ಕಟ್ಟಿಹಾಕಿದ್ದ, ಕಚ್ಚುವ ನಾಯಿಯ ಹಾಗೆ.
ರಾತ್ರಿಗೆ ಐವತ್ತು ನಿಮಿಷದಷ್ಟು ಪೆಟ್ರೋಲು.

ಉಬ್ಬಸದವರು ನಾಲ್ಕು ಮಂದಿ. ನಾನು ಮೂರನೆಯವಳು.
ನೆಬ್ಯುಲೈಸರ್ ಒಂದೇ,
ಉಳಿದವು ನೆರೆಯಲ್ಲಿ ನೆಂದು ಸತ್ತಿದ್ದವು.
ಬಟ್ಟಲು, ಮಾಸ್ಕು ಅವರವರದು.
ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ.
ಇಪ್ಪತ್ತು ನಾಲ್ಕಲ ಎಂಬತ್ತು.
ಮಗ್ಗಿ ಯಾರ ಉಬ್ಬಸವನ್ನೂ ಕೇಳುವುದಿಲ್ಲ.

ಎಲಿಯೆಸರ್ ಯಂತ್ರದ ಹೊಟ್ಟೆ ಬಿಚ್ಚಿದ.
ಬಿಳಿ ಇರಬೇಕಾದ ಫಿಲ್ಟರು
ನಮ್ಮ ತಗಡಿನ ಚಾವಣಿಯ ಬಣ್ಣಕ್ಕೆ ತಿರುಗಿತ್ತು. ಬದಲಿಸಿದ.
ನಳಿಗೆ ಸೀಳಿದ್ದಲ್ಲಿ ಕತ್ತರಿಸಿ ಮತ್ತೆ ಸಿಕ್ಕಿಸಿದ.
ಹದಿನೇಳಕ್ಕೆ ಇಳಿಯಿತು.

ನರ್ಸ್ ಮಿಗ್ದಾಲಿಯಾ ಕೆಸರು ತುಳಿದುಕೊಂಡು ಬಂದಳು.
ಬಟ್ಟಲುಗಳನ್ನು ಟಾರ್ಚಿಗೆ ಹಿಡಿದು, "ಇವು ಸವೆದಿವೆ" ಎಂದು
ಚೀಲದಿಂದ ಹೊಸ ನಾಲ್ಕು ತೆಗೆದಳು.
ನೆಟ್ಟಗೆ ಕೂರಿ. ಬದಿಗೆ ಬೆರಳಲ್ಲಿ ತಟ್ಟಿ.
ಗೊರಗೊರ ಅಂತು ಅಂದರೆ ಮುಗಿಯಿತು,
ತಳದಲ್ಲಿ ಉಳಿದದ್ದು ಯಾರ ಎದೆಗೂ ಏರುವುದಿಲ್ಲ.
ಮತ್ತೆ, ದಯವಿಟ್ಟು, ಮಾತಾಡಬೇಡಿ.
ಇದನ್ನು ಒಬ್ದೂಲಿಯಾ ಅಜ್ಜಿಯತ್ತ ತಿರುಗಿಯೇ ಹೇಳಿದಳು.

ನಮಗೆ ಹನ್ನೊಂದೇ ನಿಮಿಷ. ಅಜ್ಜಿಗೆ ಹತ್ತೊಂಬತ್ತು.
ಒಂದೊಂದು ಮಾತಿಗೂ ಮಾಸ್ಕು ಎತ್ತಬೇಕು,
ಮೊದಲ ಗಂಡ, ಎರಡನೆಯ ಗಂಡ, ಕಬ್ಬಿನ ಗಿರಣಿ;
ಔಷಧಿಯ ಮಂಜು ಮೂಗು ಬಿಟ್ಟು ಸೀಮೆಎಣ್ಣೆ ದೀಪಕ್ಕೆ.
ಗೊರಗೊರ ಶುರುವಾದ ಮೇಲಂತೂ
ಬಟ್ಟಲು ವಾಲಿಸಿ, ತಟ್ಟಿ, ಮತ್ತೆ ವಾಲಿಸಿ...
"ತಳ ಕೆರೆಯದೆ ಊಟ ಮುಗಿಸಿದವಳಲ್ಲ ನಾನು.
ಅನ್ನದಲ್ಲಿ ಸೀದು ಹಿಡಿದದ್ದೇ ರುಚಿ, ಗೊತ್ತೇನೇ?"
ಗೊತ್ತು. ಯಾರು ವಾದಿಸುತ್ತಾರೆ?

ನಾಲ್ಕನೆಯವನು ಯಾದಿಯೆಲ್, ಆರು ವರ್ಷ.
ಅವನಮ್ಮ ಶಿಬಿರದ ಅಡುಗೆ ಪಾಳಿ ಮುಗಿಸಿ
ಹೆಗಲ ಮೇಲೆ ಹೊತ್ತು ತರುವಷ್ಟರಲ್ಲಿ ಸರದಿಯ ಕೊನೆ.
ಆ ರಾತ್ರಿ ಒಂಬತ್ತನೆಯ ನಿಮಿಷಕ್ಕೆ
ಜನರೇಟರ್ ಎರಡು ಸಲ ಕೆಮ್ಮಿ ನಿಂತಿತು.
ಮುಖಕ್ಕೆ ಮಾಸ್ಕು ಇಟ್ಟುಕೊಂಡೇ ಕೂತಿದ್ದ ಹುಡುಗ,
ಒಳಗೆ ಮಂಜಿಲ್ಲ.
ಕತ್ತಲಲ್ಲಿ ಅವನ ಎದೆಯ ಸಿಳ್ಳು ಮಾತ್ರ.
ಪಕ್ಕೆಯೆಲುಬುಗಳ ನಡುವೆ ಚರ್ಮ ಒಳಸೆಳೆಯುವುದನ್ನು
ಟಾರ್ಚಿನಲ್ಲಿ ಅಜ್ಜಿಯೂ ನೋಡಿದಳು.

ಮರುರಾತ್ರಿ ತುಟಿಪಿಟಕ್ಕೆನ್ನಲಿಲ್ಲ.
ಮೊದಲ ಗೊರಗೊರಕ್ಕೇ ಮಾಸ್ಕು ಕಿತ್ತು,
ತಳದಲ್ಲಿ ಬಾಕಿ ಎರಡು ಹನಿ
ಬೇಲಿಯಾಚೆ ಚೆಲ್ಲಿದಳು, ಮುಖ ಸಿಂಡರಿಸಿ,
ಹನಿಗೂಡಿ ಹಳ್ಳವಾಗುವುದಿದ್ದರೆ ಅಲ್ಲೇ ಆಗಲಿ ಎನ್ನುವಂತೆ.
ಹನ್ನೊಂದು ನಾಲ್ಕಲ ನಲವತ್ತನಾಲ್ಕು.
ಉಳಿದ ಆರು ನಿಮಿಷಕ್ಕೆ ಎಲಿಯೆಸರ್ ಬಲ್ಬು ಹಾಕಿದ.
ಆ ಆರೂ ನಿಮಿಷ ಅಜ್ಜಿಯೇ ಮಾತಾಡಿದಳು.

ಈಗ ನನ್ನದು ಅಂಗೈಯಷ್ಟು ಹೊಸ ಯಂತ್ರ.
ಸದ್ದಿಲ್ಲ, ಐದೇ ನಿಮಿಷ.
ಸದ್ದಿಲ್ಲದ್ದರಿಂದ ಮೊದಮೊದಲು ನಂಬಿಕೆಯೇ ಹುಟ್ಟಲಿಲ್ಲ.
ಜೂನ್ ಬಂತೆಂದರೆ ಸಹಾರಾದ ಧೂಳು
ಕಡಲು ದಾಟಿ ಬಂದು ಕಿಟಕಿಯ ಮೇಲೆ ಕೂರುತ್ತದೆ,
ಎದೆ ಬಿಗಿಯುತ್ತದೆ, ನಾನೂ ಕೂರುತ್ತೇನೆ.
ಮನೆಯಲ್ಲಿ ನಾನೊಬ್ಬಳೇ, ಕರೆಂಟು ಬೇಕಾದಷ್ಟಿದೆ.
ಆದರೂ ಮುಗಿದ ಕ್ಷಣವೇ
ಕುರ್ಚಿ ಬಿಟ್ಟು ಏಳುತ್ತೇನೆ,
ಬೆನ್ನ ಹಿಂದೆ ಯಾರೋ ನಿಂತಿದ್ದಾರೆಂದು.