ಹುರುಳಿ ಹಾಸಿದ ತಿರುವು

ಪಿಳ್ಳಪ್ಪ ಮಾವ ಕಲಿಸಿದ್ದು ಹಳೇ ಮೆಟಡೋರಿನಲ್ಲಿ:
ಜಾರುವ ಕಡೆ ಬ್ರೇಕಿನ ಮೇಲೆ ನಿಂತುಬಿಡಬೇಡ.
ಒತ್ತು, ಬಿಡು. ಒತ್ತು, ಬಿಡು.
ಹಾಲು ಕರೆಯುವ ಹಾಗೆ, ಸಿಟ್ಟು ತೋರಿಸದೆ.
ಹದಿನೆಂಟು ವರ್ಷ ನನ್ನ ಬಲಗಾಲು
ಅದನ್ನೇ ಜಪಿಸಿತ್ತು.

ಹೊಸ ಗಾಡಿ ಬಂದದ್ದು ಕಾರ್ತಿಕದಲ್ಲಿ.
ಬೀಗದ ಕೈ ಕೊಡುವಾಗ ಷೋರೂಮಿನ ಹುಡುಗ,
ಇನ್ನೂ ಮೀಸೆ ಸರಿಯಾಗಿ ಮೂಡದವನು, ಹೇಳಿದ:
"ಎಬಿಎಸ್ ಇದೆ ಅಕ್ಕ. ಪೆಡಲು ನಡುಗುತ್ತೆ.
ನಡುಗಿತು ಅಂತ ಕಾಲು ಎತ್ತಬೇಡಿ."
ಸರಿ ಅಂದೆ.
ಸೀಟಿನ ಪ್ಲಾಸ್ಟಿಕ್ ಹರಿಯುವುದೋ ಬೇಡವೋ
ಅನ್ನುವುದೇ ಆಗ ನನಗೆ ದೊಡ್ಡ ಚಿಂತೆ.

ಧನುರ್ಮಾಸ. ಬೆಳಗಿನ ಜಾವ ನಾಲ್ಕೂವರೆ.
ಹಿಂದೆ ನಲವತ್ತೊಂದು ಮೂಟೆ ಸೇವಂತಿಗೆ,
ಅದರ ಕಹಿ ವಾಸನೆ ಕ್ಯಾಬಿನ್ನಿನ ತುಂಬ.
ಮಂಚೇನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆಗೆ.
ಮಂಜು ಎಷ್ಟೆಂದರೆ, ಹೆಡ್‌ಲೈಟು
ಗಾಡಿಯ ಮೂತಿಗೇ ಪಂಚೆ ಹೊದಿಸಿದಂತಿತ್ತು.

ತಿರುವಿನಲ್ಲಿ ರಸ್ತೆ ಕಾಣೆಯಾಯಿತು.
ಟಾರಿನ ಮೇಲೆ ಹುರುಳಿ.
ಹೋಗಿಬರುವ ಚಕ್ರಗಳೇ ಒಕ್ಕಲಿ ಎಂದು
ಅರ್ಧ ರಸ್ತೆಗೆ ಹಾಸಿದ್ದು,
ರಾತ್ರಿಯೆಲ್ಲ ಇಬ್ಬನಿ ಕುಡಿದು, ಎಣ್ಣೆ ಸವರಿದ ಹಾಗೆ.
ಆಚೆ ತುದಿಗೆ ಕಾವಲಿನ ಕಲ್ಲುಗುಂಡು.
ಕಲ್ಲಿನ ಪಕ್ಕ ಇನ್ನೊಂದು ಕಲ್ಲು.
ಅದು ತಲೆ ಎತ್ತಿತು.

ತುಳಿದೆ.
ಬೀಸುವ ಕಲ್ಲಿನ ಬಾಯಿಗೆ ಕಾಲಿಟ್ಟಂತೆ
ಗರ್‌ರ್‌ರ್ ಎಂದು ಪೆಡಲು
ನನ್ನ ಅಂಗಾಲನ್ನೇ ತಿರುಗಿ ಒದೆಯಿತು.
ಏನೋ ಮುರಿಯಿತು, ಅಂದುಕೊಂಡೆ.
ಹದಿನೆಂಟು ವರ್ಷದ ಕಾಲು ತಾನೇ ಏಳಲು ಹೊರಟಿತು,
ಒತ್ತು,
ಬಿಡು ಎನ್ನುವಲ್ಲಿ ಆ ಹುಡುಗನ ಅರೆಮೀಸೆ ಅಡ್ಡ ಬಂತು.
ಬಿಡಲಿಲ್ಲ.

ಮಾವ ಒಂದು ಉಸಿರಿಗೆ ಎರಡು ಸಲ ಮಾಡುತ್ತಿದ್ದುದನ್ನು
ಕೆಳಗೆ ಯಾವುದೋ ಕೈ ಹತ್ತು ಹದಿನೈದು ಸಲ ಮಾಡುತ್ತಿತ್ತು,
ಒಂದೊಂದು ಚಕ್ರದ ನಾಡಿ ಬೇರೆ ಬೇರೆ ಹಿಡಿದು:
ಇದು ಜಾರಿತು, ಬಿಡು. ಉರುಳಿತು, ಹಿಡಿ.
ಗಾಡಿ ಬೇಗ ನಿಲ್ಲಲಿಲ್ಲ, ಅದನ್ನು ಹೇಳಲೇಬೇಕು.
ಮೆಟಡೋರಾದರೆ ಚಕ್ರ ಕಚ್ಚಿಕೊಂಡು,
ಸೊಪ್ಪನ್ನೇ ಮುಂದೆ ಗುಡ್ಡೆ ಹಾಕಿಕೊಂಡು
ಇನ್ನೂ ಹತ್ತಿರದಲ್ಲೇ ನಿಲ್ಲುತ್ತಿತ್ತೇನೋ,
ನೇರ ಹೋಗಿ, ಅವಳ ಮೇಲೆ.
ಇದು ಓಡುತ್ತಲೇ ಇತ್ತು. ಆದರೆ ಉರುಳುತ್ತಿತ್ತು.
ಉರುಳುವ ಚಕ್ರಕ್ಕೆ ಕಿವಿ ಇರುತ್ತದೆ.
ಬಲಕ್ಕೆ ಎಂದೆ. ಬಲಕ್ಕೆ ಬಂತು.
ಎಡಗನ್ನಡಿ ಅವಳ ಕಂಬಳಿಯ ಅಂಚನ್ನು
ಗಾಳಿಯಲ್ಲಿ ಅಲುಗಿಸಿ ದಾಟಿತು.

ಹುಣಸೆಮರದ ಹತ್ತಿರ ನಿಂತು, ಇಳಿದೆ.
ಈಗ ನಡುಗುತ್ತಿದ್ದುದು ಪೆಡಲಲ್ಲ.
ಟಾರ್ಚು ಬಿಟ್ಟರೆ, ಹುರುಳಿ ಮುಗಿದ ಮೇಲಿನ ಒದ್ದೆ ಟಾರಿನಲ್ಲಿ
ಚಕ್ರದ ಗುರುತು: ಒಂದೇ ಕರಿಗೆರೆಯಲ್ಲ,
ಕೌದಿಗೆ ಹಾಕಿದ ದಾರದ ಹಾಗೆ
ಕಂಡು, ಮುಳುಗಿ, ಕಂಡು, ಮುಳುಗಿ.

ಅವಳು ಎದ್ದು ಬಂದಳು, ತಲೆಗೆ ಗಂಡಸರ ಟವೆಲು ಸುತ್ತಿಕೊಂಡು.
ಬೈಯುತ್ತಾಳೆ ಅಂತ ಕಾದೆ. ನನ್ನ ಬಾಯಲ್ಲೂ ಕೆಲವು ಸಿದ್ಧವಿದ್ದವು,
ರಸ್ತೆಯೇನು ನಿಮ್ಮಪ್ಪನ ಕಣವಾ ಅನ್ನುವುದು ಮೊದಲನೆಯದು.
ಅವಳು ಬಗ್ಗಿ, ನಾನು ಬಂದ ಜಾಡಿನಿಂದ
ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉಜ್ಜಿ,
ಹೊಟ್ಟು ಊದಿ, ಟಾರ್ಚಿನ ಬೆಳಕಿಗೆ ಹಿಡಿದಳು.

"ಇಲ್ಲಿ ಚೆನ್ನಾಗಿ ಬಿಟ್ಟೈತೆ ಕಣಮ್ಮ ಕಾಳು.
ಲಾರಿ ಹತ್ತಿದ್ರೂ ಹಿಂಗೆ ಒಕ್ಕಲ್ಲ. ಏನ್ ಗಾಡಿ ಇದು?
ಹೂವಿನ ಹೊತ್ತು ಮೀರಿಲ್ಲ ಅಂದ್ರೆ
ಇನ್ನೊಂದ್ ಸಲ ಬಂದು ಹೋಗು, ಈ ಮಗ್ಗುಲ ಮ್ಯಾಲೆ."

ನೀನು ಮೊದಲು ಆಚೆ ಹೋಗಿ ಕೂರು, ಅಂದೆ.
ಹೋದಳು,
ತನ್ನ ಕಲ್ಲನ್ನೂ ಎತ್ತಿಕೊಂಡು.